ವಿರಾಗವೂ ವಿರಾಗೊವೂ

(ಹಳೆಮನೆ ಬಳಗ. ಗುಂಪಿನ ನಿಯಮ, ಶ್ರೀಧರ ದೊಡ್ಡಪ್ಪ ವಿಧಿಸಿದ್ದು: ಹೆಬ್ಬೆರಳಿನ ಚಿತ್ರ ಬೇಡ, ಪೂರ್ಣ ವಾಕ್ಯದಲ್ಲಿ ಬರೆಯಿರಿ.)

ಸುರೇಶ: ಬಂದದ್ದನ್ನು ಹಾಗೆಯೇ ಕಳಿಸುತ್ತಿದ್ದೇನೆ. "1981ರಲ್ಲಿ ಯಮಹಾ ತನ್ನ ಮೊದಲ ವಿ-ಟ್ವಿನ್ ಕ್ರೂಸರ್ ಬೈಕಿಗೆ ಇಟ್ಟ ವಿರಾಗೊ ಎಂಬ ಹೆಸರು ನಮ್ಮ ಸಂಸ್ಕೃತದ ವಿರಾಗವೇ. ಇದನ್ನು ಸಹಿಸದ ಅಮೆರಿಕ ಆ ಬೈಕನ್ನೇ ನಿಷೇಧಿಸಿತು. ಎಲ್ಲರಿಗೂ ತಲುಪಿಸಿ."

ಶ್ರೀಧರ ದೊಡ್ಡಪ್ಪ: ಸೊಗಸಾಗಿದೆ, ಸುರೇಶ. ಕಂತಿನಲ್ಲಿ ಬೈಕು ಕೊಂಡು, ಕಂತು ತೀರುವ ಮೊದಲೇ ಅದನ್ನು ಮಾರಿ ಇನ್ನೊಂದಕ್ಕೆ ಕೈಚಾಚುವ ನಮ್ಮ ಹುಡುಗರು, ವಾಹನಕ್ಕೆ ವೈರಾಗ್ಯದ ಹೆಸರಿಟ್ಟ ಜಪಾನೀಯರನ್ನು ನೋಡಿ ಕಲಿಯಬೇಕು.

ಮಾಲತಿ: ಇದಕ್ಕೆ ಆಧಾರವೇನು, ಸುರೇಶ? ವಿರಾಗೊ ಎಂಬುದು ಲ್ಯಾಟಿನ್ ಮಾತು. ಗಂಡೆದೆಯ ಹೆಣ್ಣು ಎಂಬುದು ಅದರ ಅರ್ಥ; ಇಂಗ್ಲಿಷಿಗೆ ಬರುವಾಗ ಅದು ಬಜಾರಿ ಎಂಬ ಬೈಗುಳವಾಯಿತು. ನಿಷೇಧವಂತೂ ಶುದ್ಧ ಸುಳ್ಳು.

ಸುರೇಶ: ಬಜಾರಿ ಎಂಬ ಅರ್ಥ ನಿನಗೆ ಇಷ್ಟು ಬೇಗ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ, ಅಕ್ಕ.

ಪ್ರಸನ್ನ: ಇಲ್ಲಿ ಅಮೆರಿಕದಲ್ಲಿ, ಪೋರ್ಟ್‌ಲ್ಯಾಂಡಿನ ನನ್ನ ಗ್ಯಾರೇಜಿನಲ್ಲಿರುವುದು 1984ರ ಎಕ್ಸ್‌ವಿ 700 ವಿರಾಗೊ, ಚಿತ್ರ ಹಾಕಿದ್ದೇನೆ. ಅಕ್ಕ ಹೇಳಿದ್ದು ಸರಿ, ನಿಷೇಧವಾಗಿರಲಿಲ್ಲ, ಸುಂಕ ಬಿದ್ದಿತ್ತು. ಇಲ್ಲಿನ ಬೈಕು ಕಂಪನಿ ಹಾರ್ಲೆ-ಡೇವಿಡ್‌ಸನ್ ಮೊರೆಯಿಟ್ಟ ಮೇಲೆ 1983ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್, 700 ಸಿಸಿಗಿಂತ ದೊಡ್ಡ ಎಂಜಿನ್ನಿನ ಆಮದು ಬೈಕುಗಳಿಗೆ ಮೊದಲಿದ್ದ ಶೇ. 4.4ರ ಮೇಲೆ ಇನ್ನೂ ಶೇ. 45 ಹೇರಿದರು. ಅದಕ್ಕೇ ಯಮಹಾದವರು ಪಿಸ್ಟನ್ ಓಡುವ 69.2 ಮಿ.ಮೀ. ದೂರವನ್ನು ಮುಟ್ಟದೆ, ಸಿಲಿಂಡರಿನ ವ್ಯಾಸವನ್ನು ಮಾತ್ರ 83ರಿಂದ 80.2 ಮಿ.ಮೀ.ಗೆ ಇಳಿಸಿದರು, 748 ಸಿಸಿಯ ಎಂಜಿನ್ 699 ಆಯಿತು. ಎರಡು ಸಿಲಿಂಡರುಗಳು ವಿ ಆಕಾರದಲ್ಲಿ 75 ಡಿಗ್ರಿ ಕೋನದಲ್ಲಿರುವ, ಗಾಳಿಯಿಂದಲೇ ತಣಿಯುವ ಈ ಎಂಜಿನ್ನಿಗೆ ಕೆಳಗಿನಿಂದ ಹೊರುವ ಕೊಳವೆಗಳಿಲ್ಲ. ಉಕ್ಕಿನ ತಗಡನ್ನು ಒತ್ತಿ ಮಾಡಿದ ಬೆನ್ನೆಲುಬಿಗೆ ತೂಗಿಕೊಂಡು ಅದೇ ಚಾಸಿಯ, ಅಂದರೆ ಗಾಡಿಯ ಚೌಕಟ್ಟಿನ, ಭಾರವನ್ನೂ ಹೊರುತ್ತದೆ. ಹಿಂದಿನ ಚಕ್ರಕ್ಕೆ ಚೈನಿನ ಬದಲು ಶಾಫ್ಟ್, ಅಂದರೆ ತಿರುಗುವ ದಂಡ, ಇದೆ.

ವೆಂಕಟೇಶ: ಚೈನು ಎಂದಾಗ ಚಿಕ್ಕಪ್ಪನ ಯೆಜ್ಡಿ ನೆನಪಾಯಿತು. ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ, ಮೇಲೆತ್ತಿ, ಅದರಿಂದಲೇ ಕಿಕ್ ಹೊಡೆಯುತ್ತಿದ್ದರು. ಹತ್ತಿದ ಮೇಲೆ ಅಂಗಳವೆಲ್ಲ ನೀಲಿ ಹೊಗೆ. ಮೈಸೂರಿನಲ್ಲಿ ತಯಾರಾದ ಆ ಗಾಡಿಯ ಮುಂದೆ ನಿನ್ನ ಜಪಾನಿನದು ಯಾವ ಲೆಕ್ಕ, ಪ್ರಸನ್ನ?

ಮಾಲತಿ: ನೆನಪು ಮಾಡಿದ್ದು ಒಳ್ಳೆಯದಾಯಿತು. ವಾಹನದ ಮೇಲೆ ಅಷ್ಟೊಂದು ವಿರಾಗವಿರುವ ದೊಡ್ಡಪ್ಪ, 1991ರಲ್ಲಿ ಅಪ್ಪನನ್ನು ಕೇಳದೆ ಆ ಯೆಜ್ಡಿಯನ್ನು ಮಾರಿ ತಂದ ಹಣ ಯಾರ ಮನೆಯ ಟೀವಿಗೆ ಹೋಯಿತೆಂದು ತಿಳಿಸುವರೇ?

ಶ್ರೀಧರ ದೊಡ್ಡಪ್ಪ: ಆ ಟೀವಿಯ ಮುಂದೆ ಬೆಳಗಿನ ಜಾವವೇ ಬಂದು ಕುಳಿತು 1992ರ ವಿಶ್ವಕಪ್ ನೋಡಿದವರಲ್ಲಿ ನೀನೂ ಒಬ್ಬಳು, ಮಾಲತಿ. ನಿನಗೆ ಕಾಫಿಯನ್ನೂ ಅಲ್ಲಿಗೇ ತಂದುಕೊಡಬೇಕಾಗಿತ್ತು. ಹಿರಿಯರನ್ನು ಪ್ರಶ್ನಿಸುವ ಮುನ್ನ ಇದೂ ನೆನಪಿರಲಿ.

ಪ್ರಸನ್ನ: ನಾನು ಬರೆದದ್ದನ್ನು ಯಾರಾದರೂ ಓದಿದಿರಾ? ಕೊನೆಗೆ 1987ರಲ್ಲಿ ಹಾರ್ಲೆಯವರೇ, ಅವಧಿಗೆ ಮೊದಲೇ, ತಮಗೆ ಸುಂಕದ ರಕ್ಷಣೆ ಸಾಕು ಎಂದರು. 1988ರಲ್ಲಿ 750ರ ವಿರಾಗೊ ಅಮೆರಿಕದ ಮಾರುಕಟ್ಟೆಗೆ ಮರಳಿತು. ನಿಷೇಧವಾಗಿದ್ದರೆ ನನ್ನ ಗ್ಯಾರೇಜಿನಲ್ಲಿ ಇದು ಹೇಗಿರುತ್ತಿತ್ತು?

ಸುರೇಶ: ನಾನದನ್ನು ಆಗಲೇ ಆಫೀಸಿನ ಗುಂಪಿಗೂ ಕಳಿಸಿಬಿಟ್ಟೆ, ಅಲ್ಲಿ ಹದಿನಾಲ್ಕು ಜನ ಕೈಮುಗಿದಿದ್ದಾರೆ. ಈಗ ಅದು ಸುಳ್ಳೆಂದು ಹೇಗೆ ಬರೆಯಲಿ?

ಕಮಲ ಚಿಕ್ಕಮ್ಮ: ಪ್ರಸನ್ನ, ಚಿತ್ರ ಚೆನ್ನಾಗಿ ಬಂದಿದೆ. ಬೈಕಿನ ಪಕ್ಕದಲ್ಲಿ ನೀನು ಸ್ಪ್ಯಾನರುಗಳನ್ನು ತುಂಬಿಟ್ಟಿರುವ ಆ ತಾಮ್ರದ ತಂಬಿಗೆ, ಕಂಠದ ಬಳಿ ನೆಗ್ಗಿರುವುದು, ನನ್ನ ತವರಿನದಲ್ಲವೇ? ಅದನ್ನು ನಿನಗೆ ಯಾರು ಕೊಟ್ಟರು?