‘ರ ಗ ಸ ದ ಅ’ ಅಂತಾಳೆ, ‘ಅ ಆ ಇ ಈ’ ಬರಲ್ಲ. ಶಾಲೆಯಲ್ಲಿ ಏನು ಕಲಿಸುತ್ತಿದ್ದಾರೆ?

ಪ್ರಶ್ನೆ (ಒಬ್ಬ ತಾಯಿ, ತುಮಕೂರು ಜಿಲ್ಲೆ):

ನಮಸ್ತೆ ಮೇಡಂ. ಮಗಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಶಾಲೆ ಶುರುವಾಗಿ ಮೂರು ತಿಂಗಳು ದಾಟಿತು. ಅ ಆ ಇ ಈ ಹೇಳು ಅಂದರೆ ಬಾಯಿ ಬಿಡುವುದಿಲ್ಲ. ‘ರ ಗ ಸ ದ ಅ’ ಅನ್ನುತ್ತಾಳೆ, ಅಷ್ಟೇ. ಪಕ್ಕದ ಮನೆ ಮಗು ಕಾನ್ವೆಂಟಿಗೆ ಹೋಗುತ್ತೆ, ವರ್ಣಮಾಲೆ ಪೂರ್ತಿ ಒಪ್ಪಿಸುತ್ತೆ. ‘ಆ ಶಾಲೆ ಬಿಡಿಸು’ ಅಂತ ನಮ್ಮತ್ತೆ ದಿನಾ ಸಂಜೆ ಹೇಳುತ್ತಾರೆ. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಬರುವುದು ಆಗಸ್ಟ್ 15ರ ಫೋಟೋ, ಗಿಡ ನೆಟ್ಟ ಫೋಟೋ, ಆಧಾರ್ ಜೆರಾಕ್ಸ್ ತನ್ನಿ ಅನ್ನೋ ಮೆಸೇಜು. ಸಭೆಗೆ ಹೋದರೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕಳಿಸಿದರು. ನಾನು ಓದಿರುವುದು ಏಳನೇ ಕ್ಲಾಸು. ಮೇಷ್ಟ್ರನ್ನು ಹೋಗಿ ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರಾ?

ಉತ್ತರ (ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿ, 24 ವರ್ಷದ ಸೇವೆ):

ಮೊದಲು ಸಮಾಧಾನ ಮಾಡಿಕೊಳ್ಳಿ ಅಮ್ಮಾ. ಮಗು ಹಿಂದೆ ಬಿದ್ದಿಲ್ಲ. ಇದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ಕ್ಲಾಸಿಗೆ ಬಂತು. ಇದರಲ್ಲಿ ಅಕ್ಷರ ಕಲಿಸುವುದು ವರ್ಣಮಾಲೆಯ ಸಾಲಿನಲ್ಲಲ್ಲ. ಶುರುವಿನ ವಾರಗಳೆಲ್ಲ ಹಾಡು, ಕಥೆ, ಆಟ, ಗೆರೆ ಎಳೆಯುವುದು. ಆಮೇಲೆ ಮೊದಲು ಬರುವುದು ರ ಗ ಸ ದ ಅ. ಅದು ಮುಗಿದ ಮೇಲೆ ಜ ವ ಮ ಬ ನ.

ಯಾಕೆ ಹೀಗೆ ಅಂದರೆ, ಅ ಆ ಇ ಈ ನಾಲ್ಕೂ ಕಲಿತ ಮಗು ಅದರಿಂದ ಒಂದು ಪದ ಓದಲಾರದು. ರ ಗ ಸ ದ ಅ ಬಂತು ಅಂದರೆ ನೋಡಿ: ಸರ, ರಸ, ಅರಸ, ಅಗಸ, ದಸರ, ಗರಗಸ. ಐದೇ ಅಕ್ಷರಕ್ಕೆ ಮಗು ಓದಲು ಶುರು ಮಾಡುತ್ತೆ. ಬಾಯಿಪಾಠ ಒಪ್ಪಿಸುವುದು ಬೇರೆ, ಓದುವುದು ಬೇರೆ ಅಲ್ವಾ? ಇವತ್ತು ಸಂಜೆ ‘ಗರಗಸ’ ಅಂತ ಬರೆದು ಮುಂದೆ ಇಡಿ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೂಡಿಸಲಿ. ನಡುವೆ ನೀವು ಹೇಳಿಕೊಡಬೇಡಿ, ಕಾಯಿರಿ.

ಆದರೆ ಇದನ್ನೆಲ್ಲ ನಿಮಗೆ ಜೂನ್‌ನಲ್ಲೇ ಶಾಲೆಯವರು ಕೂರಿಸಿಕೊಂಡು ಹೇಳಬೇಕಿತ್ತು. ಹೇಳದೇ ಇದ್ದದ್ದು ನಮ್ಮ ಮೇಷ್ಟ್ರುಗಳ ತಪ್ಪು. ನಾವು ಸಭೆ ಮಾಡುತ್ತೇವೆ, ಸಹಿ ತಗೊಳ್ಳುತ್ತೇವೆ, ಫೋಟೋ ಹಾಕುತ್ತೇವೆ. ಮಗು ಏನು ಕಲಿಯಿತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅಮ್ಮನಿಗೆ ಗೊತ್ತಿಲ್ಲದ ಕಲಿಕೆ ಮನೆ ಹೊಸ್ತಿಲಲ್ಲೇ ನಿಂತುಬಿಡುತ್ತೆ.

ಕೇಳುವುದಕ್ಕೆ ಹಿಂಜರಿಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಇದೆ: ಪೋಷಕರ ಸಭೆಗಳನ್ನು ಆಗಾಗ ಮಾಡಿ, ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ. ಶಾಲೆ ಬಿಡುವ ಹೊತ್ತಿಗೆ ಹೋಗಿ. ‘ಏನು ಕಲಿಸುತ್ತೀರಿ’ ಅನ್ನಬೇಡಿ, ಮೇಷ್ಟ್ರು ಆಕ್ಷೇಪಣೆ ಅಂದುಕೊಂಡಾರು. ‘ನನ್ನ ಮಗಳು ಕಲಿಕೆಯ ಯಾವ ಮೆಟ್ಟಿಲಲ್ಲಿದ್ದಾಳೆ, ಪ್ರಗತಿ ನೋಟ ತೋರಿಸಿ’ ಅನ್ನಿ. ಒಂದೊಂದು ಮಗುವಿನ ಹೆಸರಿನ ಮುಂದೆ ಎಲ್ಲಿಯವರೆಗೆ ಮುಗಿಸಿದೆ ಅಂತ ಅದರಲ್ಲಿ ಇರುತ್ತೆ.

ಪ್ರಶ್ನೆ (ಒಬ್ಬ ಅಜ್ಜಿಯ ಪರವಾಗಿ ಪಕ್ಕದ ಮನೆಯ ಹುಡುಗಿ):

ಮೇಡಂ, ಇವರ ಮಗ ಸೊಸೆ ಬೆಂಗಳೂರಿನಲ್ಲಿ ಕೆಲಸ. ಮೊಮ್ಮಗ ಮೂರನೇ ಕ್ಲಾಸು, ಅಜ್ಜಿ ಜೊತೆ ಇದ್ದಾನೆ. ‘ನನಗೆ ಓದು ಬರಹ ಬರಲ್ಲ, ನಾನೇನು ಮಾಡಲಿ’ ಅಂತ ಕೇಳುತ್ತಿದ್ದಾರೆ.

ಉತ್ತರ:

ಅಜ್ಜಿಗೆ ನನ್ನ ನಮಸ್ಕಾರ ಹೇಳಮ್ಮಾ. ಅವರಿಗೆ ಬರುವಷ್ಟು ಲೆಕ್ಕ ನಮ್ಮ ಕ್ಲಾಸಿನಲ್ಲಿ ಇಲ್ಲ. ನಾಲ್ಕು ಪಾವಿಗೆ ಒಂದು ಸೇರು ಅಂತ ರಾಗಿ ಅಳೆದು ತೋರಿಸಲಿ, ಕಾಲು, ಅರ್ಧ, ಮುಕ್ಕಾಲು ತಲೆಗೆ ಕೂರುತ್ತೆ. ಅಟ್ಟದ ಮೇಲೆ ಅಳಗುಳಿ ಮಣೆ ಇದ್ದರೆ ಇಳಿಸಿ. ಹುಣಸೆ ಬೀಜ ಹಾಕಿ ಆಡುತ್ತಾ ಆಡುತ್ತಾ ಹುಡುಗ ಮುಂದಿನ ಗುಳಿಯಲ್ಲಿ ಎಷ್ಟು ಬೀಳುತ್ತೆ ಅಂತ ಮೊದಲೇ ಲೆಕ್ಕ ಹಾಕಲು ಕಲಿಯುತ್ತಾನೆ. ಒಗಟು, ಕಥೆ ಹೇಳಲಿ. ಮಾರನೇ ದಿನ ಅವನು ಅದೇ ಕಥೆಯನ್ನು ಅಜ್ಜಿಗೆ ತಿರುಗಿ ಹೇಳಲಿ.

ಅವನ ಟೀಚರ್‌ಗೂ ಒಂದು ಮಾತು ಹೇಳಿ: ಮನೆಯಲ್ಲಿ ಓದುವವರಿಲ್ಲ, ಗ್ರೂಪಿಗೆ ಅಕ್ಷರದ ಮೆಸೇಜ್ ಬದಲು ಧ್ವನಿ ಮೆಸೇಜ್ ಹಾಕಿ ಅಂತ. ನಾನು ಪ್ರತಿ ಶನಿವಾರ ಹಾಗೇ ಮಾಡುತ್ತೇನೆ. ಎರಡು ನಿಮಿಷ ಸಾಕು. ಈ ವಾರ ಏನು ಕಲಿತೆವು, ಮನೆಯಲ್ಲಿ ಏನು ಕೇಳಬೇಕು, ಅಷ್ಟೇ.

ಪ್ರಶ್ನೆ (ಹೊಸದಾಗಿ ಸೇರಿದ ಶಿಕ್ಷಕ):

ಮೇಡಂ, ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ. ಸಭೆ ಕರೆದರೆ ನಲವತ್ತು ಮನೆಯಿಂದ ಆರು ಜನ ಬರುತ್ತಾರೆ. ಬಂದವರೂ ತಲೆ ತಗ್ಗಿಸಿ ಕೂರುತ್ತಾರೆ. ಏನು ಮಾಡಲಿ?

ಉತ್ತರ:

ನೀವು ಕರೆದದ್ದು ಎಷ್ಟು ಹೊತ್ತಿಗೆ ಸರ್? ಬೆಳಗ್ಗೆ 11ಕ್ಕೆ ಅಂದರೆ ಒಂದು ದಿನದ ಕೂಲಿ ಬಿಟ್ಟು ಬರಬೇಕು. ನಾನೂ ಹಾಗೇ ಕರೆದು, ಯಾರೂ ಬರಲ್ಲ ಅಂತ ವರ್ಷಗಟ್ಟಲೆ ಗೊಣಗಿದೆ. ಆಮೇಲೆ ನಾನೇ ಹಾಲಿನ ಡೈರಿಗೆ ಹೋದೆ. ಬೆಳಗ್ಗೆ ಆರೂವರೆಗೆ ಊರಿನ ಅರ್ಧ ಮನೆಯವರು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಮಕ್ಕಳ ಅಭ್ಯಾಸ ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಒಬ್ಬೊಬ್ಬರ ಕೈಗೆ ಅವರವರ ಮಗುವಿನ ಪುಸ್ತಕ ಕೊಟ್ಟೆ. ಒಬ್ಬರು ಪುಟ ತಿರುಗಿಸುವ ಮುಂಚೆ ಒದ್ದೆ ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡರು. ಅವರು ನನ್ನ ಸಭೆಗೆ ಒಂದು ದಿನವೂ ಬಂದವರಲ್ಲ.

ತಲೆ ತಗ್ಗಿಸಿ ಕೂರುವುದಕ್ಕೂ ಕಾರಣ ಇದೆ. ಸೇವೆಗೆ ಸೇರಿದ ಹೊಸದರಲ್ಲಿ ನಾನು ಸಭೆಯಲ್ಲಿ ಎಲ್ಲರೆದುರು ಅಂಕ ಓದಿದ್ದೆ. ಮಾರನೇ ದಿನ ಒಬ್ಬ ಹುಡುಗ ತೋಳಿನ ಮೇಲೆ ಬಾಸುಂಡೆ ಹೊತ್ತು ಬಂದ. ಅವನ ಅಪ್ಪನಿಗೆ ಆದ ಅವಮಾನ ಮಗನ ಮೈಮೇಲೆ ಇಳಿದಿತ್ತು. ಅದಕ್ಕೆ ಕಾರಣ ನಾನು. ಅವತ್ತಿನಿಂದ ಒಂದು ಮಗುವಿನ ವಿಷಯ ಇನ್ನೊಬ್ಬರ ಎದುರು ಎತ್ತಿಲ್ಲ. ‘ಮನೆಯಲ್ಲಿ ಏನು ಮಾಡಲು ಇಷ್ಟಪಡುತ್ತಾನೆ?’ ಅಂತ ಮೊದಲು ನಾನು ಕೇಳುತ್ತೇನೆ. ಅಂಕದ ಮಾತು ಆಮೇಲೆ.

ಎಸ್‌ಡಿಎಂಸಿಯನ್ನೂ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನೂ, ಬಳಸಿಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಕಾಂಪೌಂಡು, ಸುಣ್ಣ ಬಣ್ಣದ ಜೊತೆ ಕಲಿಕೆಯ ಮಾತೂ ಅಲ್ಲಿಗೆ ಬರಲಿ.

ಮೊದಲ ಪ್ರಶ್ನೆ ಕೇಳಿದ ತಾಯಿ:

ಮೇಡಂ, ‘ಗರಗಸ’ ಓದಿದಳು! ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ‘ಸರ’ ಅಂತ ಬರೆದು, ಅಜ್ಜಿಯ ಕೊರಳಿನ ಕರಿಮಣಿ ಸರ ಹಿಡಿದು ‘ಇದೇ’ ಅಂದಳು. ನಮ್ಮತ್ತೆ ಏನೂ ಹೇಳಲಿಲ್ಲ. ಬೆಳಗ್ಗೆ ಎದ್ದವರೇ ‘ನನ್ನ ಹೆಸರು ಬರೆಯುತ್ತೀಯಾ’ ಅಂತ ಅವಳನ್ನು ಕೇಳುತ್ತಿದ್ದರು. ಆ ಅಕ್ಷರಗಳು ಅವಳಿಗೆ ಇನ್ನೂ ಬಂದಿಲ್ಲ. ನಾನೇ ಹೇಳಿಕೊಡಬಹುದಾ? ಶಾಲೆಯ ಪಾಠ ಕೆಡುತ್ತಾ?

ಉತ್ತರ:

ಏನೂ ಕೆಡಲ್ಲ. ಹೆಸರು ಅಂದರೆ ಮಗುವಿಗೆ ಒಂದು ಚಿತ್ರ ಇದ್ದ ಹಾಗೆ. ನೀವು ದೊಡ್ಡದಾಗಿ ಬರೆದುಕೊಡಿ, ನೋಡಿಕೊಂಡು ಬರೆಯಲಿ. ಆ ಹಾಳೆಯನ್ನು ಶಾಲೆಗೆ ಕಳಿಸಿ. ನಲಿ-ಕಲಿ ಕೊಠಡಿಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ಮೇಲೆ ದಾರದ ಚಪ್ಪರ ಇರುತ್ತೆ. ಅಲ್ಲಿ ಹಾಕಿ ಅಂತ ಟೀಚರ್‌ಗೆ ಹೇಳಿ. ಮುಂದಿನ ಸಭೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ನೋಡಲಿ.