ಎಫ್‌ಎಂ ಕೇಳುಗರ ರೇಡಿಯೊ ಪರದೆಯಲ್ಲಿ ಹಾಡಿನ ಹೆಸರು ತೋರಿಸುವುದು: ಆರ್‌ಡಿಎಸ್ ತೊಂದರೆಗಳು

ತಂತಿಕಂಬ ಕೇಳಿದ್ದು:

ನಮಸ್ಕಾರ. ನಮ್ಮದು ಸಮುದಾಯ ಬಾನುಲಿ ಕೇಂದ್ರ, 50 ವ್ಯಾಟ್ ಟ್ರಾನ್ಸ್‌ಮಿಟರ್. ಸ್ಟುಡಿಯೊದಲ್ಲಿ ವಿಂಡೋಸ್ ಮೇಲೆ ರೇಡಿಯೊಡಿಜೆ ಎಂಬ ಹಾಡು ನುಡಿಸುವ ತಂತ್ರಾಂಶ, ಅಲ್ಲಿಂದ ಮಿಕ್ಸರ್, ಆಮೇಲೆ ಸ್ಟೀರಿಯೊ ಜನರೇಟರನ್ನೂ ಒಳಗೊಂಡ ಪ್ರೊಸೆಸರ್ (ಸದ್ದನ್ನು ಹದ ಮಾಡುವ ಪೆಟ್ಟಿಗೆ). ಟ್ರಾನ್ಸ್‌ಮಿಟರ್ ಅದೇ ಕಟ್ಟಡದಲ್ಲಿದೆ. ಅದರ ಹಿಂದೆ ಎಂಪಿಎಕ್ಸ್ (ಪ್ರೊಸೆಸರಿನಿಂದ ಬರುವ ಪೂರ್ಣ ಸ್ಟೀರಿಯೊ ಸಿಗ್ನಲ್) ಎಂಬ ಒಂದು ಬಿಎನ್‌ಸಿ ಕನೆಕ್ಟರ್, ಎಸ್‌ಸಿಎ (ಹೆಚ್ಚುವರಿ ಸಿಗ್ನಲ್ ಸೇರಿಸುವ ಜಾಗ) ಎಂಬ ಇನ್ನೊಂದು ಬಿಎನ್‌ಸಿ ಇವೆ. ಹೊಸದಾಗಿ ಬಂದ ಆರ್‌ಡಿಎಸ್ (ಎಫ್‌ಎಂ ಸಿಗ್ನಲ್ ಜೊತೆಗೇ ಅಕ್ಷರ ಕಳಿಸುವ ವ್ಯವಸ್ಥೆ) ಎನ್‌ಕೋಡರಿಗೆ ಸೀರಿಯಲ್, ಈಥರ್‌ನೆಟ್ ಎರಡೂ ಇವೆ.

ಕೇಂದ್ರದ ಹೆಸರು ಕಾರುಗಳಲ್ಲಿ ಸರಿಯಾಗಿ ಬರುತ್ತಿದೆ, ಗೋಳೆಲ್ಲ ಹಾಡಿನ ಹೆಸರಿನದು. ಕನ್ನಡದಲ್ಲಿ ಟ್ಯಾಗ್ ಮಾಡಿದ ಹಾಡಿಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಉದ್ದ ಹೆಸರಿನ ಹಾಡಿನ ನಂತರ ಚಿಕ್ಕ ಹೆಸರಿನದು ಬಂದರೆ ಹಳೆಯ ಹಾಡಿನ ಬಾಲ ಪರದೆಯಲ್ಲೇ ಉಳಿಯುತ್ತದೆ. ಜಿಂಗಲ್ ಬಂದಾಗ ಅದರ ಫೈಲ್ ಹೆಸರೂ ಕಾಣುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಹಾಡಿನ ಹೆಸರು ಬರುವುದೇ ಇಲ್ಲ. ಹಾಗಾಗಿ ಕೇಂದ್ರದ ಹೆಸರಿನ ಜಾಗದಲ್ಲೇ ಹಾಡಿನ ಹೆಸರು ಓಡಿಸಬಹುದೇ? ಎನ್‌ಕೋಡರನ್ನು ಯಾವ ಬಿಎನ್‌ಸಿಗೆ ಕೊಡಬೇಕು?

ಪೈಲಟ್19:

ಮೊದಲು ವೈರಿಂಗ್. ಎಸ್‌ಸಿಎಗೇ ಕೊಡಿ. ಎಂಪಿಎಕ್ಸ್ ದಾರಿಯ ನಡುವೆ ಎನ್‌ಕೋಡರ್ ಕೂರಿಸಿದರೆ ಅದು ಕೆಟ್ಟ ದಿನ ಪ್ರಸಾರವೂ ನಿಲ್ಲಬಹುದು (ಬೈಪಾಸ್ ರಿಲೇ ಇರುವ ಮಾದರಿಯಾದರೆ ಚಿಂತೆಯಿಲ್ಲ). ಎಸ್‌ಸಿಎಗೆ ಕೊಡುವಾಗ ಎನ್‌ಕೋಡರಿಗೆ ಪ್ರೊಸೆಸರಿನ 19 ಕಿಲೋಹರ್ಟ್ಸ್ ಪೈಲಟ್ (ಸ್ಟೀರಿಯೊ ಇದೆ ಅಂತ ರೇಡಿಯೊಗೆ ತಿಳಿಸುವ ಸ್ವರ) ಔಟ್‌ಪುಟ್ ಬೇಕು, ಅದಿಲ್ಲದಿದ್ದರೆ ಟೀ ಕನೆಕ್ಟರ್ ಹಾಕಿ ಎಂಪಿಎಕ್ಸ್‌ನ ಒಂದು ಕವಲು. ಆರ್‌ಡಿಎಸ್ ಕೂರುವುದು 57 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಪೈಲಟ್‌ನ ಸರಿಯಾಗಿ ಮೂರು ಪಟ್ಟು. ಎರಡೂ ಲಾಕ್ ಆಗಿರಬೇಕು, ಅಂದರೆ ಒಂದಕ್ಕೊಂದು ತಾಳ ತಪ್ಪಬಾರದು. ಎನ್‌ಕೋಡರ್ ಮುಂಭಾಗದ ಸಿಂಕ್ ದೀಪ ಮಿಣುಕುತ್ತಿದ್ದರೆ ಲಾಕ್ ಆಗಿಲ್ಲ ಅಂತಲೇ ತಿಳಿಯಿರಿ.

ಇನ್ನೊಂದು ನೋಡಿ: ಪ್ರೊಸೆಸರಿನ ಒಳಗೂ ಆರ್‌ಡಿಎಸ್ ಇದ್ದು ಅದು ಆನ್ ಆಗಿದ್ದರೆ ಎರಡು 57 ಕಿಲೋಹರ್ಟ್ಸ್ ಸಿಗ್ನಲ್ ಒಂದರ ಮೇಲೊಂದು ಬೀಳುತ್ತವೆ. ಆಗ ರೇಡಿಯೊ ಯಾವುದನ್ನೂ ನೆಟ್ಟಗೆ ಓದುವುದಿಲ್ಲ.

ಮಟ್ಟ: ಆರ್‌ಡಿಎಸ್‌ಗೆ 2ರಿಂದ 3 ಕಿಲೋಹರ್ಟ್ಸ್ ಡೀವಿಯೇಶನ್ (ಎಫ್‌ಎಂ ಆವರ್ತನ ಆಚೀಚೆ ಸರಿಯುವ ಅಳತೆ) ಸಾಕು. ಒಟ್ಟು 75 ದಾಟಬಾರದಲ್ಲ, ಹಾಗಾಗಿ ಆರ್‌ಡಿಎಸ್ 3 ತಿಂದರೆ ಎಂಪಿಎಕ್ಸ್ ಮಟ್ಟವನ್ನು 72ಕ್ಕೆ ಇಳಿಸಿ. ಅದು 0.35 ಡೆಸಿಬೆಲ್ ಅಷ್ಟೆ, ಕಿವಿಗೆ ಗೊತ್ತೂ ಆಗದು. ಇಳಿಸಿದ ಮೇಲೆ ಪೈಲಟ್ ಇನ್ನೂ 6.75ರಿಂದ 7.5ರೊಳಗೇ ಇದೆಯಾ ಅಂತ ನೋಡಿಬಿಡಿ. ಹಾಡಿನ ಹೆಸರು ತಡವಾಗಿ ಬರುತ್ತೆ ಅಂತ ಆರ್‌ಡಿಎಸ್ ಮಟ್ಟವನ್ನು 6, 7ಕ್ಕೆ ಏರಿಸುವವರಿದ್ದಾರೆ. ಹತ್ತಿರದಲ್ಲಿ ಅದರಿಂದ ಏನೂ ಸಿಗದು, ಸದ್ದು ಮಾತ್ರ ಸಣ್ಣದಾಗುತ್ತದೆ. ತಡಕ್ಕೆ ಸಾಮಾನ್ಯ ಕಾರಣ ಕಾಂಪೋಸಿಟ್ ಕ್ಲಿಪ್ಪರ್ (ಎಂಪಿಎಕ್ಸ್‌ನ ಶಿಖರಗಳನ್ನು ಕತ್ತರಿಸುವ ಭಾಗ). ಅದನ್ನು ಜೋರಾಗಿ ಒತ್ತಿದರೆ ಚೂರುಗಳು 57ರ ಆಸುಪಾಸಿನಲ್ಲೇ ಬಿದ್ದು ಡೇಟಾ ಕೆಡಿಸುತ್ತವೆ. ಕ್ಲಿಪ್ಪಿಂಗ್ 1 ಡೆಸಿಬೆಲ್ ಒಳಗಿಡಿ. ಪ್ರೊಸೆಸರಿನಲ್ಲಿ 57 ಕಿಲೋಹರ್ಟ್ಸ್ ರಕ್ಷಣೆಯ ಫಿಲ್ಟರ್ ಇದ್ದರೆ ಹಾಕಿ.

ಮಲೆನಾಡ್_ಆಂಟೆನಾ:

ವೈರಿಂಗ್ ಬಗ್ಗೆ ಪೈಲಟ್19 ಹೇಳಿದ್ದು ಸರಿ. ನಾನು ಅಕ್ಷರದ ಕಡೆಯದ್ದು ಬರೀತೀನಿ.

ಕನ್ನಡ ಬರಲ್ಲ. ಈಗ ಓಡಾಡುತ್ತಿರುವ ಆರ್‌ಡಿಎಸ್ ರೇಡಿಯೊಗಳ ಅಕ್ಷರಪಟ್ಟಿ ಯುರೋಪಿನ ಲ್ಯಾಟಿನ್ ಪಟ್ಟಿ, ಅದರಲ್ಲಿ ಭಾರತೀಯ ಲಿಪಿ ಒಂದೂ ಇಲ್ಲ. ಆರ್‌ಡಿಎಸ್2ರಲ್ಲಿ ಯುಟಿಎಫ್-8 ಪಠ್ಯ ಕಳಿಸಬಹುದು, ಆದರೆ ಅದನ್ನು ಓದುವ ರೇಡಿಯೊ ಕೇಳುಗರ ಹತ್ತಿರ ಇರಬೇಕಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಅದೂ ಬರೀ ಎ ಟು ಝಡ್, ಅಂಕಿ, ಚುಕ್ಕೆ, ಅಡ್ಡಗೆರೆ. ದೀರ್ಘಕ್ಕೆ ತಲೆಗೆರೆ ಹಾಕುವ ಪದ್ಧತಿ ಬೇಡ. ಡಾಲರ್ ಗುರುತೂ ಬೇಡ, ಪಟ್ಟಿಯಲ್ಲಿ ಆ ಜಾಗದಲ್ಲಿ ಬೇರೆ ಚಿಹ್ನೆ ಇದೆ.

ಪೈಥಾನಿನಲ್ಲಿ ಲಿಪ್ಯಂತರ ಲೈಬ್ರರಿಗಳಿವೆ, ಹಾಡಿನ ಹೆಸರಿಗೆ ಪರವಾಗಿಲ್ಲ. ಗಾಯಕರ ಹೆಸರಿಗೆ ನಂಬಬೇಡಿ. "ಎಸ್. ಜಾನಕಿ" ಕೊಟ್ಟರೆ ಇನಿಶಿಯಲ್ ಒಂದೇ ಅಕ್ಷರ ಆಗಬೇಕಾದ ಕಡೆ ಇ, ಎಸ್ ಎರಡನ್ನೂ ಬರೆಯುತ್ತದೆ. "ಪಿ. ಬಿ. ಶ್ರೀನಿವಾಸ್" ಅವರ ಇನಿಶಿಯಲ್ಲುಗಳಿಗೆ ಒಂದೊಂದು ಐ ಅಂಟಿಕೊಳ್ಳುತ್ತದೆ. ಪದೇ ಪದೇ ಬರುವ ಗಾಯಕರ ಹೆಸರುಗಳನ್ನು ಒಂದು ಎಕ್ಸೆಲ್ ಶೀಟಿನಲ್ಲಿ ಕೈಯಾರೆ ಬರೆದಿಟ್ಟು, ಹೆಸರನ್ನು ಎನ್‌ಕೋಡರಿಗೆ ಕಳಿಸುವ ಸ್ಕ್ರಿಪ್ಟ್ ಮೊದಲು ಅಲ್ಲಿ ಹುಡುಕಲಿ, ಸಿಗದಿದ್ದರೆ ಮಾತ್ರ ಲೈಬ್ರರಿಗೆ ಹೋಗಲಿ. ಮೂಲ ಟ್ಯಾಗ್ ಕನ್ನಡದಲ್ಲೇ ಇರಲಿ, ವೆಬ್ ಸ್ಟ್ರೀಮಿಗೆ ಅದೇ ಬೇಕಾಗುತ್ತೆ.

ಬಾಲ ಉಳಿಯುವುದು: ಹಾಡಿನ ಹೆಸರು ಹೋಗುವ ರೇಡಿಯೊಟೆಕ್ಸ್ಟ್ 64 ಅಕ್ಷರದ ಜಾಗ. ಪಠ್ಯ ಅದಕ್ಕಿಂತ ಚಿಕ್ಕದಾದರೆ ಕೊನೆಗೆ ಕ್ಯಾರೇಜ್ ರಿಟರ್ನ್, ಅಂದರೆ ಹೆಕ್ಸ್ 0ಡಿ ಹೋಗಬೇಕು. ಜೊತೆಗೆ ಪಠ್ಯ ಬದಲಾದಾಗ ಎ/ಬಿ ಬಿಟ್ ಪಲ್ಟಿಯಾಗಬೇಕು, ಅದನ್ನು ನೋಡಿಯೇ ರೇಡಿಯೊ ಪರದೆ ಒರೆಸಿಕೊಳ್ಳುವುದು. ನಿಮ್ಮ ಎನ್‌ಕೋಡರಿನಲ್ಲಿ ಇದು ಬಹುಶಃ ಮ್ಯಾನುಯಲ್‌ನಲ್ಲಿದೆ, ಆಟೋಗೆ ಬದಲಿಸಿ.

ಆದರೆ ಇದರ ಉಲ್ಟಾ ತೊಂದರೆಯೂ ಉಂಟು. ಸ್ಕ್ರಿಪ್ಟ್ ಪ್ರತಿ ಸೆಕೆಂಡಿಗೆ ಅದೇ ಹೆಸರನ್ನು ಮತ್ತೆ ಮತ್ತೆ ಕಳಿಸಿದರೆ ಕೆಲವು ಎನ್‌ಕೋಡರ್ ಪ್ರತಿ ಸಲ ಬಿಟ್ ಪಲ್ಟಿ ಮಾಡುತ್ತವೆ, ಪರದೆ ತುಂಬುವ ಮೊದಲೇ ಖಾಲಿಯಾಗುತ್ತದೆ. ಪಠ್ಯ ಬದಲಾದರೆ ಮಾತ್ರ ಕಳಿಸಿ. ಕಳಿಸುವ ಆದೇಶ ರ‍್ಯಾಮ್‌ಗೆ ಮಾತ್ರ ಬರೆಯುವಂಥದ್ದಾ ಅಂತ ಕೈಪಿಡಿಯಲ್ಲಿ ನೋಡಿ. ಪ್ರತಿ ಹಾಡಿಗೂ ಈಈಪ್ರಾಮ್‌ಗೆ (ಶಾಶ್ವತ ನೆನಪಿನ ಚಿಪ್‌ಗೆ) ಬರೆಯುತ್ತಿದ್ದರೆ ಆ ಚಿಪ್ ಬೇಗ ಸವೆಯುತ್ತದೆ.

ಜಿಂಗಲ್: ರೇಡಿಯೊಡಿಜೆಯ ನೌ ಪ್ಲೇಯಿಂಗ್ ಸೆಟ್ಟಿಂಗಿನಲ್ಲಿ ಮ್ಯೂಸಿಕ್ ಎಂಬ ಟ್ರ್ಯಾಕ್ ಪ್ರಕಾರ ಮಾತ್ರ ಉಳಿಸಿ. ಆದರೆ ಲೈಬ್ರರಿಗೆ ಸೇರಿಸುವಾಗಲೇ ಜಿಂಗಲ್‌ಗಳನ್ನು ಮ್ಯೂಸಿಕ್ ಅಂತ ಸೇರಿಸಿದ್ದರೆ ಈ ಸೆಟ್ಟಿಂಗ್ ಏನೂ ಮಾಡಲ್ಲ, ಅಲ್ಲಿಂದ ತಿದ್ದಬೇಕು. ಫೋನ್-ಇನ್ ಅಥವಾ ನೇರ ಮಾತು ನಡೆಯುವಾಗ ಕೊನೆಯ ಹಾಡಿನ ಹೆಸರೇ ನಿಂತಿರುತ್ತದೆ. ಹಾಡಿನ ಅವಧಿ ಮುಗಿದು 15 ಸೆಕೆಂಡಾದರೂ ಹೊಸದು ಬರದಿದ್ದರೆ ಕಾರ್ಯಕ್ರಮದ ಹೆಸರು ಹೋಗುವ ಹಾಗೆ ಸ್ಕ್ರಿಪ್ಟಿನಲ್ಲಿ ಬರೆಯಿರಿ.

ಪಠ್ಯದ ಫೈಲ್ ಯುಟಿಎಫ್-8 ಆಗಿದ್ದು ಬಿಒಎಂ (ಫೈಲಿನ ಆರಂಭದಲ್ಲಿ ಕೂರುವ ಗುರುತು) ಸಮೇತ ಇದ್ದರೆ ಹೆಸರಿನ ಮುಂದೆ ಮೂರು ಕಸದ ಅಕ್ಷರ ಬರುತ್ತವೆ. ಓದುವಾಗಲೇ ಅದನ್ನು ಕಿತ್ತುಹಾಕಿ.

ಸಾಲುದೀಪ:

ಕೇಂದ್ರದ ಹೆಸರಿನ ಜಾಗದಲ್ಲಿ ಹಾಡು ಓಡಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ಜಾಗ, ಅಂದರೆ ಪಿಎಸ್, 8 ಅಕ್ಷರದ್ದು. ಮಾನದಂಡದ ಪ್ರಕಾರವೂ ಅದು ನಿಂತ ನೀರಿನಂತೆ ಇರಬೇಕು. ಓಡಿಸಿದರೆ ಏನಾಗುತ್ತದೆ ಅಂದರೆ, ಕಾರಿನವರು ನಿಮ್ಮ ಕೇಂದ್ರವನ್ನು ಬಟನ್ನಿಗೆ ಸೇವ್ ಮಾಡುವ ಕ್ಷಣದಲ್ಲಿ ಯಾವ ತುಂಡು ಬಂದಿತ್ತೋ ಅದೇ ಕೇಂದ್ರದ ಹೆಸರಾಗಿ ಉಳಿಯಬಹುದು. ಪಟ್ಟಿಯಲ್ಲಿ ನಿಮ್ಮ ಕೇಂದ್ರದ ಬದಲು ಯಾವುದೋ ಹಾಡಿನ ನಡುವಿನ ಎಂಟು ಅಕ್ಷರ! ಹಳೆಯ ಕಾರಿನವರಿಗೆ ಹಾಡಿನ ಹೆಸರು ಕಾಣದಿದ್ದರೂ ಪರವಾಗಿಲ್ಲ, ಕೇಂದ್ರದ ಹೆಸರು ಕಾಣಲಿ.

ಅದರ ಬದಲು ರೇಡಿಯೊಟೆಕ್ಸ್ಟ್ ಬೇಗ ಬರುವಂತೆ ಮಾಡಿ. ಆರ್‌ಡಿಎಸ್ ವೇಗ ಸೆಕೆಂಡಿಗೆ 1187.5 ಬಿಟ್, ಒಂದು ಗ್ರೂಪ್ (ಡೇಟಾದ ಒಂದು ಕಂತು) 104 ಬಿಟ್, ಅಂದರೆ ಸೆಕೆಂಡಿಗೆ ಸುಮಾರು 11.4 ಗ್ರೂಪ್. ಹಾಡಿನ ಪಠ್ಯ ಹೋಗುವುದು 2ಎ ಗ್ರೂಪಿನಲ್ಲಿ, ಒಂದಕ್ಕೆ 4 ಅಕ್ಷರ. ಅರ್ಧ ಗ್ರೂಪುಗಳನ್ನು 2ಎಗೆ ಕೊಟ್ಟರೆ 64 ಅಕ್ಷರಕ್ಕೆ 2.8 ಸೆಕೆಂಡ್, 30 ಅಕ್ಷರಕ್ಕೆ 1.4. ಎರಡು ಸಲ ಒಂದೇ ರೀತಿ ಬಂದ ಮೇಲೆಯೇ ತೋರಿಸುವ ರೇಡಿಯೊಗಳೂ ಇರುವುದರಿಂದ ಅದರ ಎರಡರಷ್ಟು ಅಂತಿಟ್ಟುಕೊಳ್ಳಿ. ಹೆಸರಿನ ಜೊತೆ "ಈಗ ನೀವು ಕೇಳುತ್ತಿರುವುದು" ಅಂತೆಲ್ಲ ಸೇರಿಸಬೇಡಿ.

ಕೇಂದ್ರದ ಗುರುತಿನ ಸಂಖ್ಯೆ, ಅಂದರೆ ಪಿಐ ಕೋಡನ್ನೂ ನೋಡಿ. ಭಾರತಕ್ಕೆ ಮೊದಲ ಅಂಕಿ 5, ಒಂದೇ ಟ್ರಾನ್ಸ್‌ಮಿಟರಿನ ಸ್ಥಳೀಯ ಕೇಂದ್ರಕ್ಕೆ ಎರಡನೆಯದು 0. ಕಾರ್ಖಾನೆಯಿಂದ ಬಂದ ಕೋಡನ್ನೇ ಬಿಟ್ಟವರು ಬಹಳ ಜನ. ಎಎಫ್ (ಅದೇ ಕಾರ್ಯಕ್ರಮ ಸಿಗುವ ಬೇರೆ ಆವರ್ತನಗಳ) ಪಟ್ಟಿ ಖಾಲಿ ಇರಲಿ. ಗಡಿಯಾರದ ಸಮಯ, ಅಂದರೆ ಸಿಟಿ, ಕಳಿಸುವುದಾದರೆ ಎನ್‌ಕೋಡರ್ ಯುಟಿಸಿಯಲ್ಲಿರಬೇಕು, ವ್ಯತ್ಯಾಸ ಅರ್ಧ ಗಂಟೆಯ ಲೆಕ್ಕದಲ್ಲಿ 11. ಅದು ಇಂಟರ್ನೆಟ್ಟಿನಿಂದ ಸಮಯ ತೆಗೆದುಕೊಳ್ಳದಿದ್ದರೆ ಸಿಟಿ ಆಫ್ ಮಾಡಿ, ಇಲ್ಲದಿದ್ದರೆ ಊರಿನ ಕಾರುಗಳ ಗಡಿಯಾರವೆಲ್ಲ ತಪ್ಪುತ್ತದೆ.

ತಂತಿಕಂಬ:

ಎಲ್ಲರಿಗೂ ಧನ್ಯವಾದ. ಎ/ಬಿ ನಿಜಕ್ಕೂ ಮ್ಯಾನುಯಲ್‌ನಲ್ಲೇ ಇತ್ತು, ಬದಲಿಸಿದ ಮೇಲೆ ಬಾಲ ಹೋಯಿತು. ಎನ್‌ಕೋಡರಿನಲ್ಲಿ ಆರ್‌ಟಿ ಪ್ಲಸ್ ಅಂತ ಒಂದು ಪುಟ ಇದೆ. ಹೊಸ ಕಾರುಗಳಲ್ಲಿ ಗಾಯಕರು, ಹಾಡು ಬೇರೆ ಬೇರೆ ಸಾಲಿನಲ್ಲಿ ಬರುವುದು ಇದರಿಂದಲೇ ಅಲ್ಲವೇ? ಅಲ್ಲಿ ಕೇಳುವ ಅಂಕಿಗಳು ಏನು?

ಪೈಲಟ್19:

ಹೌದು, ಅದರಿಂದಲೇ. ಆರ್‌ಟಿ ಪ್ಲಸ್ ಬೇರೆ ಪಠ್ಯ ಕಳಿಸುವುದಿಲ್ಲ. ಇರುವ ರೇಡಿಯೊಟೆಕ್ಸ್ಟಿನಲ್ಲಿ ಯಾವ ಅಕ್ಷರದಿಂದ ಯಾವ ಅಕ್ಷರದವರೆಗೆ ಏನಿದೆ ಅಂತ ಹೇಳುತ್ತದೆ ಅಷ್ಟೆ. ಹಾಡಿಗೆ ಪ್ರಕಾರ 1, ಗಾಯಕರಿಗೆ 4. ಎಣಿಕೆ ಸೊನ್ನೆಯಿಂದ ಶುರು, ಉದ್ದದಲ್ಲಿ ಒಂದು ಕಳೆಯಬೇಕು. ಗಾಯಕರ ಹೆಸರು 12 ಅಕ್ಷರ, ನಡುವೆ ಖಾಲಿ-ಗೆರೆ-ಖಾಲಿ 3, ಹಾಡು 20 ಅಕ್ಷರ ಅಂತಾದರೆ: ಗಾಯಕರಿಗೆ 4, 0, 11; ಹಾಡಿಗೆ 1, 15, 19. ಒಂದು ಕಳೆಯದೆ ಬಿಟ್ಟರೆ ಗಾಯಕರ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಸೇರಿಕೊಳ್ಳುತ್ತದೆ, ಕಣ್ಣಿಗೆ ಬೀಳದ ಕಾರಣ ತಪ್ಪು ಹಾಗೇ ಉಳಿಯುತ್ತದೆ.

ಎರಡನೇ ಟ್ಯಾಗಿನ ಉದ್ದಕ್ಕೆ 5 ಬಿಟ್ ಮಾತ್ರ, ಅಂದರೆ ಗರಿಷ್ಠ 32 ಅಕ್ಷರ. ಮೊದಲನೆಯದಕ್ಕೆ 6 ಬಿಟ್. ಹಾಡಿನ ಸಾಲು ಉದ್ದವಾದರೆ ಅದನ್ನೇ ಮೊದಲ ಟ್ಯಾಗಿಗೆ ಹಾಕಿ, ಪಠ್ಯದಲ್ಲಿ ಯಾವುದು ಮುಂದಿದ್ದರೂ ನಡೆಯುತ್ತೆ. ಹಾಡು ಬದಲಾದಾಗ ಐಟಂ ಟಾಗಲ್ ಬಿಟ್ ಪಲ್ಟಿಯಾಗಬೇಕು, ಮಾತು ಅಥವಾ ಜಾಹೀರಾತು ಬಂದಾಗ ಐಟಂ ರನ್ನಿಂಗ್ 0 ಆಗಬೇಕು.

ಮಲೆನಾಡ್_ಆಂಟೆನಾ:

ಪರೀಕ್ಷೆಗೆ ಕಾರು ಹುಡುಕಿಕೊಂಡು ಹೋಗಬೇಡಿ. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್), ಲಿನಕ್ಸ್‌ನಲ್ಲಿ ರೆಡ್‌ಸೀ ಎಂಬ ಉಚಿತ ಡೀಕೋಡರ್ ಸಾಕು. ಪಿಐ, ಪಿಎಸ್, ರೇಡಿಯೊಟೆಕ್ಸ್ಟ್, ಆರ್‌ಟಿ ಪ್ಲಸ್ ಟ್ಯಾಗ್ ಎಲ್ಲ ಸಾಲುಸಾಲಾಗಿ ಕಾಣುತ್ತದೆ. ಡಾಂಗಲ್ಲನ್ನು ಟ್ರಾನ್ಸ್‌ಮಿಟರ್ ಕೋಣೆಯಲ್ಲಿ ಇಟ್ಟರೆ ಸಿಗ್ನಲ್ ತೀರಾ ಜೋರಾಗಿ ಡಾಂಗಲ್ಲೇ ತಪ್ಪು ಓದುತ್ತದೆ. ಡಾಂಗಲ್ಲಿನ ಆಂಟೆನಾ ಕಿತ್ತು, ಡಾಂಗಲ್ಲನ್ನು ಪಕ್ಕದ ಕಟ್ಟಡದಲ್ಲಿಡಿ, ಗೇನ್ ಕಡಿಮೆ ಮಾಡಿ. ಜಾಸ್ತಿ ಸದ್ದಿನ ಹಾಡು ಬರುವಾಗ ಮಾತ್ರ ಗ್ರೂಪುಗಳು ಬಿಟ್ಟುಹೋಗುತ್ತಿದ್ದರೆ ಕ್ಲಿಪ್ಪರ್ ಕಡೆಗೆ ಹೋಗಿ. ಸದ್ದಿಲ್ಲದಾಗಲೂ ಬಿಟ್ಟುಹೋಗುತ್ತಿದ್ದರೆ ಪೈಲಟ್ ಲಾಕ್ ನೋಡಿ.