ಸೈಲೆನ್ಸರ್ ಪಿಸ್ತೂಲು: ಒಮ್ಮೆ ಮೂರು ಗುಂಡು, ಒಮ್ಮೆ ನಾಲ್ಕು, ಏನಿದು?

ನೆರಳುಬೆಕ್ಕು:
ತಲೆ ಕೆಟ್ಟುಹೋಗಿದೆ, ಗೊತ್ತಿರುವವರು ಯಾರಾದರೂ ಹೇಳಿ. ನಮ್ಮ ಗೂಢಚಾರ-ಕಾವಲುಗಾರ ಗೇಮ್‌ನಲ್ಲಿ ಗೂಢಚಾರರ ಸೈಲೆನ್ಸರ್ ಪಿಸ್ತೂಲಿಗೆ ಬಂದೂಕುಗಳ ಟೇಬಲ್‌ನಲ್ಲಿ ಡ್ಯಾಮೇಜ್ (ಒಂದು ಗುಂಡಿಗೆ ಇಳಿಯುವ ಹೆಲ್ತ್) 34 ಅಂತ ಇದೆ. ಹೆಲ್ತ್ 100. ಅಂದರೆ ಮೂರು ಗುಂಡಿಗೆ ಬೀಳಬೇಕು ಅಲ್ವಾ? ಗೆಳೆಯನನ್ನು ಪ್ರೈವೇಟ್ ಸರ್ವರ್‌ನಲ್ಲಿ ಕಾವಲುಗಾರನಾಗಿ ನಿಲ್ಲಿಸಿ ಹೊಡೆದರೆ ಒಮ್ಮೆ ಮೂರಕ್ಕೆ ಬೀಳುತ್ತಾನೆ, ಒಮ್ಮೆ ನಾಲ್ಕು ಬೇಕು, ಮಧ್ಯೆ ಒಂದು ಸಲ ಎರಡಕ್ಕೇ ಸತ್ತ! ಸೆಟ್ಟಿಂಗ್ ಎಲ್ಲಾ ಸರಿಯಾಗಿದೆ, ಅದನ್ನು ಕೇಳಬೇಡಿ. ಮ್ಯಾಚ್‌ನಲ್ಲಿ ನಾಲ್ಕನೇ ಗುಂಡು ಹೊಡೆಯುವಷ್ಟರಲ್ಲಿ ಎದುರಿನವನು ತಿರುಗಿ ಅಲಾರಂ ಒತ್ತಿರುತ್ತಾನೆ.

ಪಿಂಗ್_ಪುಟ್ಟ:
ಪಿಂಗ್ ಎಷ್ಟು? ಸರ್ವರ್‌ಗೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತೆ?

ನೆರಳುಬೆಕ್ಕು:
ಚೆನ್ನಾಗೇ ಇದೆ.

ಪಿಂಗ್_ಪುಟ್ಟ:
ಚೆನ್ನಾಗಿದೆ ಅಂದರೆ ಎಷ್ಟು ಗುರು? ನೆಟ್ ಹೇಗಿದೆ ಅಂತ ತೋರಿಸುವ ನೆಟ್ ಗ್ರಾಫ್ ಆನ್ ಮಾಡಿ ಸ್ಕ್ರೀನ್‌ಶಾಟ್ ಹಾಕಿ. 64 ಟಿಕ್ ಸರ್ವರ್, ಅಂದರೆ ಸೆಕೆಂಡಿಗೆ 64 ಸಲ ಲೆಕ್ಕ ಹಾಕುವ ಸರ್ವರ್‌ನಲ್ಲಿ ಎರಡು ಟಿಕ್ ನಡುವೆ ಸುಮಾರು 15.6 ಮಿಲಿಸೆಕೆಂಡ್. ಅದರ ಮೇಲೆ ಪಿಂಗ್ ಏರಿಳಿದರೆ ಗುಂಡು ಎಲ್ಲಿಗೆ ಹೋಯಿತು ಅಂತ ದೇವರಿಗೇ ಗೊತ್ತು. ನೂರಕ್ಕೆ ನೂರು ಇದು ಲ್ಯಾಗ್, ನೆಟ್ ತಡ.

ಗೂಬೆಕಣ್ಣು:
ಪುಟ್ಟಣ್ಣ, ಲ್ಯಾಗ್ ಇದ್ದರೆ ಗುಂಡು ತಾಗುತ್ತದೆ ಇಲ್ಲವೇ ತಾಗುವುದಿಲ್ಲ. ಅರ್ಧ ತಾಗುವುದಿಲ್ಲ. ನೀವು ಟ್ರಿಗರ್ ಒತ್ತಿದ ಹೊತ್ತಿಗೆ ಎದುರಿನವನು ಎಲ್ಲಿದ್ದ ಅಂತ ಸರ್ವರ್ ಹಿಂದಕ್ಕೆ ಹೋಗಿ ನೋಡುತ್ತದೆ, ಲ್ಯಾಗ್ ಕಾಂಪೆನ್ಸೇಷನ್ ಇರುವುದೇ ಅದಕ್ಕೆ. ಅವನ ಗೆಳೆಯ ಕಂಬದ ಹಾಗೆ ನಿಂತಿದ್ದಾನೆ, ಹಿಂದಕ್ಕೆ ಹೋದರೂ ಮುಂದಕ್ಕೆ ಹೋದರೂ ಅಲ್ಲೇ ಇರುತ್ತಾನೆ.

ನೆರಳುಬೆಕ್ಕು, ಎಷ್ಟು ದೂರದಿಂದ ಹೊಡೆದಿರಿ? ದೇಹದ ಯಾವ ಭಾಗಕ್ಕೆ?

ಪಿಂಗ್_ಪುಟ್ಟ:
ರಕ್ತ ಚಿಮ್ಮುವುದು ನಮ್ಮ ಕಂಪ್ಯೂಟರ್ ತೋರಿಸುವ ಎಫೆಕ್ಟ್. ಸರ್ವರ್ ಒಪ್ಪಿದೆ ಅಂತ ಅದರರ್ಥ ಅಲ್ಲ. ಮೂರು ಸಲ ರಕ್ತ ಕಂಡರೂ ಲೆಕ್ಕಕ್ಕೆ ಬಂದಿದ್ದು ಎರಡೇ ಆಗಿರಬಹುದು. ಇದಕ್ಕೇನು ಹೇಳ್ತೀರಿ?

ಗೂಬೆಕಣ್ಣು:
ಆ ಮಾತು ಸರಿ. ಕೌಂಟರ್ ಸ್ಟ್ರೈಕ್ (ಸಿ.ಎಸ್.) ಗೇಮ್‌ನಲ್ಲಾದರೆ ಗುಂಡು ಬಿದ್ದ ಜಾಗವನ್ನು ಕ್ಲೈಂಟ್‌ಗೆ (ನಮ್ಮ ಕಂಪ್ಯೂಟರ್‌ಗೆ) ಕೆಂಪು, ಸರ್ವರ್‌ಗೆ ನೀಲಿ ಡಬ್ಬದಲ್ಲಿ ತೋರಿಸುವ ಕಮಾಂಡ್ ಇದೆ. ಇಲ್ಲಿ ಇಲ್ಲ. ಅದಕ್ಕೇ ಸತ್ತನೋ ಇಲ್ಲವೋ ಅಂತ ನೋಡಬೇಡಿ, ಒಂದೊಂದು ಗುಂಡಿಗೂ ಗೆಳೆಯನ ಹೆಲ್ತ್ ಎಷ್ಟು ಉಳಿಯಿತು ಕೇಳಿ.

ಸೈಲೆನ್ಸರ್_ಸೀನ:
ಯಾರೂ ಸೈಲೆನ್ಸರ್ ಬಗ್ಗೆಯೇ ಮಾತಾಡುತ್ತಿಲ್ಲವಲ್ಲ! ಸೈಲೆನ್ಸರ್ ಹಾಕಿದರೆ ಡ್ಯಾಮೇಜ್ ಕಡಿಮೆ ಆಗುತ್ತದೆ, ಹಳೇ ಕಾಲದಿಂದ ಹಾಗೇ ಇದೆ. ಸಿ.ಎಸ್. 1.6ರಲ್ಲಿ ಯು.ಎಸ್.ಪಿ. ಪಿಸ್ತೂಲು ಬರಿಯದಾದರೆ 34, ಸೈಲೆನ್ಸರ್ ಹಾಕಿದರೆ 30.

ಲಾಟೀನು:
ಸೀನ, ಅದೇ 1.6ರಲ್ಲಿ ಎಂ4ಎ1 ರೈಫಲ್‌ಗೆ ಸೈಲೆನ್ಸರ್ ಹಾಕಿದರೆ 32 ಇದ್ದದ್ದು 33 ಆಗುತ್ತದೆ. ಜಾಸ್ತಿ! ಆದರೆ ದೂರಕ್ಕೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಹಳೇ ಕಾಲದ ನಿಯಮ ಅಂತ ಒಂದಿಲ್ಲ, ಪ್ರತಿ ಬಂದೂಕಿಗೂ ಡೆವಲಪರ್ ಬರೆದ ನಂಬರ್ ಅಷ್ಟೇ.

ಸೈಲೆನ್ಸರ್_ಸೀನ:
ನಾನು ಹೇಳಿದ್ದು ಪಿಸ್ತೂಲಿನ ಬಗ್ಗೆ. ರೈಫಲ್ ತಂದು ಯಾಕೆ ಗಂಟು ಹಾಕುತ್ತೀರಿ.

ನೆರಳುಬೆಕ್ಕು:
ಪಿಸ್ತೂಲಿನ ಸೈಲೆನ್ಸರ್ ತೆಗೆಯಲಿಕ್ಕೇ ಬರಲ್ಲ ಈ ಗೇಮ್‌ನಲ್ಲಿ, ಸುಮ್ನೆ ಜಗಳ ಬೇಡ. ದೂರ ಕೇಳಿದ್ರಲ್ಲ, ಗೋದಾಮಿನ ಕಾರಿಡಾರ್. ಕೆಲವು ಸಲ ಹತ್ತಿರದಿಂದ, ಕೆಲವು ಸಲ ಈ ತುದಿಯಿಂದ ಆ ತುದಿಗೆ. ಬೋರ್ ಆಗುತ್ತೆ ಅಂತ ಅವನು ಮಧ್ಯೆ ಮಧ್ಯೆ ಕೂರುತ್ತಿದ್ದ.

ಗೂಬೆಕಣ್ಣು:
ಇದನ್ನು ಮೊದಲೇ ಹೇಳಬಾರದಿತ್ತಾ!

34 ತುಂಬಾ ಗಡಿಯಲ್ಲಿರುವ ನಂಬರ್. 34 ಮೂರು ಸಲ ಅಂದರೆ 102. 33 ಮೂರು ಸಲ ಅಂದರೆ 99, ಒಂದು ಹೆಲ್ತ್ ಉಳಿಸಿಕೊಂಡು ಬದುಕುತ್ತಾನೆ. ಸಿ.ಎಸ್. ಮಾದರಿಯಲ್ಲಿ ಪ್ರತಿ 500 ಯೂನಿಟ್ (ಗೇಮ್‌ನ ಅಳತೆ) ದೂರಕ್ಕೆ ಡ್ಯಾಮೇಜನ್ನು ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, ಎ.ಕೆ. ರೈಫಲ್‌ಗೆ ಅದು 0.98. ನಮ್ಮದೂ ಅದೇ ಇಂಜಿನ್ ಮೇಲೆ ಕಟ್ಟಿದ ಗೇಮ್, ಇಲ್ಲೂ ಅಂಥದ್ದೇ ಇದೆ ಅಂತಿಟ್ಟುಕೊಳ್ಳಿ. 34 ಗುಣಿಸು 0.98 ಅಂದರೆ 33.32. ಮೂರು ಗುಂಡಿಗೆ 99.96. ಸಾಯಲ್ಲ! ದಶಮಾಂಶ ಕತ್ತರಿಸಿ ಎಣಿಸುವ ಗೇಮ್ ಆದರೆ ಇನ್ನೂ ಹತ್ತಿರದಲ್ಲೇ 33 ಆಗುತ್ತದೆ. 500 ಯೂನಿಟ್ ಅಂದರೆ ಸುಮಾರು ಒಂಬತ್ತೂವರೆ ಮೀಟರ್, ನಿಮ್ಮ ಕಾರಿಡಾರ್ ಅದಕ್ಕಿಂತ ಉದ್ದ ಇದೆ.

ಕೂತಾಗ ಕಾಲು ಎದೆಯ ಮುಂದೆ ಬರುತ್ತದೆ, ಅದೂ ಇದೆ. ಕಾಲಿಗೆ 0.75 ಪಾಲು ಅಂತಿದ್ದರೆ 25.5. ಕಾಲಿಗೊಂದು, ಎದೆಗೆರಡು ಬಿದ್ದರೆ 93.5, ಆಗಲೂ ನಾಲ್ಕನೆಯದು ಬೇಕು.

ಪಿಂಗ್_ಪುಟ್ಟ:
ಎಲ್ಲಾ "ಅಂತಿಟ್ಟುಕೊಳ್ಳಿ" ಮೇಲೆ ನಿಂತಿದೆ. ನೆಟ್ ಗ್ರಾಫ್ ಇನ್ನೂ ಬಂದಿಲ್ಲ.

ಮಿಂಚುಹುಳ_240:
ನಾನು 240 ಹರ್ಟ್ಜ್ ಮಾನಿಟರ್‌ಗೆ ಬದಲಾದ ಮೇಲೆ ಇಂಥ ಸಮಸ್ಯೆ ಬಂದೇ ಇಲ್ಲ. ಮೌಸ್ 8000 ಹರ್ಟ್ಜ್ ಪೋಲಿಂಗ್. ಓಪನ್ ಬ್ಯಾಕ್ ಹೆಡ್‌ಫೋನ್‌ನಲ್ಲಿ ಮೇಲಿನ ಮಹಡಿಯ ಹೆಜ್ಜೆ ಸದ್ದೂ ಕೇಳುತ್ತದೆ. ಫೋಟೋ ಹಾಕಲೇ?

ಲಾಟೀನು:
ಮಾನಿಟರ್ ಗುಂಡಿನ ಡ್ಯಾಮೇಜ್ ಜಾಸ್ತಿ ಮಾಡುತ್ತದೆ ಅಂತ ಇವತ್ತೇ ಕೇಳಿದ್ದು. ಫೋಟೋ ಬೇಡ.

ನೆರಳುಬೆಕ್ಕು, ಸಾಯುವವರೆಗೆ ಗುಂಡು ಎಣಿಸುವುದು ಟೆಸ್ಟೇ ಅಲ್ಲ. ಮೂರು ಗುಂಡಿಗೆ ಸತ್ತ ಅಂದರೆ ಡ್ಯಾಮೇಜ್ 34ರಿಂದ 49ರ ತನಕ ಏನು ಬೇಕಾದರೂ ಇರಬಹುದು. ಒಂದೇ ಗುಂಡು ಹೊಡೆಯಿರಿ, ಉಳಿದ ಹೆಲ್ತ್ ಬರೆದುಕೊಳ್ಳಿ, ಅವನು ಪೂರ್ತಿ ನೂರಕ್ಕೆ ಬಂದ ಮೇಲೆ ಮುಂದಿನದು. ಎದೆಗೆ ಮಾತ್ರ. ಅವನು ನಿಂತೇ ಇರಬೇಕು. ಕನ್ಸೋಲ್‌ನಲ್ಲಿ ಇಬ್ಬರೂ getpos ಕಮಾಂಡ್ ಹೊಡೆದರೆ ಜಾಗದ ನಂಬರ್ ಬರುತ್ತದೆ, ಅದರಿಂದ ದೂರ ಸಿಗುತ್ತದೆ. ಕಾವಲುಗಾರನಿಗೆ ಗುಂಡು ತಡೆಯುವ ವೆಸ್ಟ್ ಇದೆಯಾ ನೋಡಿ.

ನೆರಳುಬೆಕ್ಕು:
ವೆಸ್ಟ್ ತೆಗೆಸಿದೆ. ಹತ್ತಿರದಿಂದ ಎದೆಗೆ: 66 ಉಳಿಯಿತು. ಕಾರಿಡಾರ್ ತುದಿಯಿಂದ: 67. ಎಷ್ಟು ಸಲ ಹೊಡೆದರೂ ಅದೇ. ಹಾಗಾದರೆ ಟೇಬಲ್ ಮಾಡಿದವರು ದೂರದ ಕಾಲಂ ಹಾಕಬೇಕಿತ್ತು ತಾನೇ? ಬರೀ 34 ಅಂತ ಬರೆದು ಕೂತರೆ ಯಾರಿಗೆ ಅರ್ಥ ಆಗುತ್ತದೆ.

ಆದರೆ ಎರಡು ಗುಂಡಿಗೆ ಸತ್ತದ್ದು? ಬೆನ್ನಿಗೆ, ಲೈಟ್ ಆರಿಸಿ ಹೊಡೆದಾಗ 49 ಉಳಿಯಿತು. ಲೈಟ್ ಹಾಕಿದರೆ ಬೆನ್ನಿಗೂ 66.

ಗೂಬೆಕಣ್ಣು:
51 ಹೋಗಿದೆ. 34ರ ಒಂದೂವರೆ ಪಟ್ಟು. ನೀವು ಅವನ ಕಣ್ಣಿಗೆ ಬಿದ್ದಿಲ್ಲ ಅಂತ ಗೇಮ್ ಅಂದುಕೊಂಡರೆ ಬೋನಸ್ ಕೊಡುತ್ತಿರಬೇಕು. ಈಗ ಕತ್ತಲಲ್ಲಿ ಎದುರಿನಿಂದ ಹೊಡೆದು ನೋಡಿ. ಆಗ ಬೆನ್ನು ಕಾರಣವೋ ಕತ್ತಲು ಕಾರಣವೋ ತಿಳಿಯುತ್ತದೆ.

ಸೈಲೆನ್ಸರ್_ಸೀನ:
ಕತ್ತಲಲ್ಲ, ಸದ್ದು. ಸೈಲೆನ್ಸರ್ ಇರುವುದಕ್ಕೇ ಬೋನಸ್. ಬೇಕಾದರೆ ಪಕ್ಕದಲ್ಲಿ ಓಡಿ ಸದ್ದು ಮಾಡಿ ಹೊಡೆಯಿರಿ, 66ಕ್ಕೇ ಬರುತ್ತದೆ.

ಲಾಟೀನು:
ಎರಡೂ ಒಟ್ಟಿಗೆ ಮಾಡಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಇನ್ನೂ ಎರಡು ಪುಟ ಜಗಳ.

ನೆರಳುಬೆಕ್ಕು:
ಗೆಳೆಯ ಊಟಕ್ಕೆ ಹೋದ. ಕತ್ತಲಲ್ಲಿ ನಿಲ್ಲಲು ಯಾರಾದರೂ ಬರ್ತೀರಾ? ಪಾಸ್‌ವರ್ಡ್ ಮೆಸೇಜ್ ಮಾಡುತ್ತೇನೆ.

ಮಿಂಚುಹುಳ_240:
ನಾನು ಬರುತ್ತೇನೆ, ಆದರೆ ನನ್ನ ಮಾನಿಟರ್‌ನಲ್ಲಿ ಕತ್ತಲಲ್ಲೂ ನೀವು ಚೆನ್ನಾಗಿ ಕಾಣ್ತೀರಿ. ಗಾಮಾ, ಅಂದರೆ ಪರದೆಯ ಬೆಳಕು, ಏರಿಸಿಟ್ಟಿದ್ದೇನೆ.

ಗೂಬೆಕಣ್ಣು:
ಗೇಮ್ ನೋಡುವುದು ಸರ್ವರ್‌ನ ಬೆಳಕನ್ನು, ನಿಮ್ಮ ಗಾಮಾ ಅಲ್ಲ. ಬಂದು ನಿಲ್ಲಿ ಸಾಕು.

ಪಿಂಗ್_ಪುಟ್ಟ:
ಮಿಂಚುಹುಳ ಅವರೇ, ಸೇರುವ ಮೊದಲು ನಿಮ್ಮ ಪಿಂಗ್ ಎಷ್ಟು ಹೇಳಿಬಿಡಿ.